ಅಮ್ಮನ ಉಸಿರು, ರೌಟರಿನ ಸರದಿ

ಪರದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಉಚ್ಚರಿಸಲ್ಪಡುವ ವಾಕ್ಯ ಯಾವುದೆಂದು ಯಾರಾದರೂ ಎಣಿಸಿ ನೋಡಿದರೆ, ಅದು ‘ಊಟ ಆಯ್ತಾ’ ಎಂಬುದಲ್ಲ, ‘ಕೇಳಿಸ್ತಾ ಇದೆಯಾ’ ಎಂಬುದೇ ಆಗಿರುತ್ತದೆಂದು ನನ್ನ ಊಹೆ. ಈ ಕಡೆಯಿಂದ ನಾವು ಕೇಳುತ್ತೇವೆ, ಅದೇ ಹೊತ್ತಿಗೆ ಆ ಕಡೆಯಿಂದ ಅವರೂ ಕೇಳುತ್ತಾರೆ. ಇಬ್ಬರೂ ತಡೆದು ಸುಮ್ಮನಾಗುತ್ತಾರೆ. ಮತ್ತೆ ಇಬ್ಬರೂ ಒಟ್ಟಿಗೇ ಮಾತು ತೆಗೆಯುತ್ತಾರೆ. ಇದಕ್ಕೆ ಎಲ್ಲರೂ ಹೇಳುವ ಕಾರಣ ‘ನೆಟ್ ಸ್ಪೀಡ್ ಇಲ್ಲ’ ಎಂಬುದು. ಎಲ್ಲರೂ ಮಾಡುವ ಚಿಕಿತ್ಸೆ, ಇನ್ನಷ್ಟು ದುಬಾರಿಯ ಪ್ಲಾನಿಗೆ ಬದಲಾಗುವುದು. ರೋಗವನ್ನು ಗುರುತಿಸದೆ ಔಷಧದ ಪ್ರಮಾಣವನ್ನು ಏರಿಸುತ್ತಲೇ ಹೋಗುವ ಈ ಪದ್ಧತಿ ವೈದ್ಯನಾದ ನನಗೆ ಎಂದೂ ಒಗ್ಗಿದ್ದಿಲ್ಲ. ಅನೇಕ ಮನೆಗಳಲ್ಲಿ ರೋಗವಿರುವುದು ವೇಗದಲ್ಲಲ್ಲ, ಸರದಿಯಲ್ಲಿ.

ನಾನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ವೈದ್ಯವೃತ್ತಿಯಲ್ಲಿದ್ದೇನೆ. ಎಂಬತ್ತೆರಡು ವರ್ಷದ ನನ್ನ ತಾಯಿ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನನ್ನ ತಮ್ಮನ ಮನೆಯಲ್ಲಿದ್ದಾರೆ. ಅವರ ಹೃದಯದ ಸ್ನಾಯು ದುರ್ಬಲವಾಗಿ ಕೆಲವು ವರ್ಷಗಳಾದವು. ಪ್ರತಿದಿನ ಅಲ್ಲಿಯ ಸಂಜೆ ಆರಕ್ಕೆ, ಅಂದರೆ ಇಲ್ಲಿಯ ಬೇಸಿಗೆಯ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂವರೆಗೆ, ವಿಡಿಯೊ ಕರೆ. ಲೋಕಾಭಿರಾಮದ ಮಾತಿನಂತೆ ತೋರಿದರೂ ನನ್ನ ಪಾಲಿಗೆ ಅದು ಅರ್ಧ ತಪಾಸಣೆಯೇ. ಹೃದಯ ಸೋಲುತ್ತಿರುವ ರೋಗಿಯ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆಯೇ ಎಂದು ತಿಳಿಯಲು, ಸ್ಟೆತಾಸ್ಕೋಪನ್ನು ಎತ್ತಿಕೊಳ್ಳುವ ಮೊದಲೇ ಬಳಸುವ ಹಳೆಯ ಉಪಾಯವೊಂದುಂಟು: ರೋಗಿಯನ್ನು ಸುಮ್ಮನೆ ಮಾತನಾಡಲು ಬಿಡುವುದು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸುತ್ತಾರೋ, ನಡುವೆ ನಿಂತು ಗಾಳಿ ಎಳೆದುಕೊಳ್ಳುತ್ತಾರೋ ಎಂಬುದು ಬಹಳಷ್ಟನ್ನು ಹೇಳುತ್ತದೆ.

ಕಳೆದ ವರ್ಷದ ಮಳೆಗಾಲದಲ್ಲಿ ಆ ವಾಕ್ಯಗಳೇ ತುಂಡಾಗತೊಡಗಿದವು. ‘ಈ ಸಲ ಅಡಿಕೆಗೆ ಕೊಳೆ’ ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ಎರಡು ಕ್ಷಣದ ಮೇಲೆ ‘ಜೋರು’ ಎಂಬುದು ಬಂದು ಸೇರುತ್ತಿತ್ತು. ನಡುವೆ ತಡೆದದ್ದು ಅಮ್ಮನೋ, ಅಂತರ್ಜಾಲವೋ? ಏದುಸಿರು ಬಿಡುತ್ತಿರುವುದು ಎಂಬತ್ತೆರಡು ವರ್ಷದ ಹೃದಯವೋ, ಮೂರು ವರ್ಷದ ರೌಟರೋ? ಸುಮಾರು 13 ಸಾವಿರ ಕಿಲೋಮೀಟರ್ ಆಚೆ ಕುಳಿತು ಇದನ್ನು ನಿರ್ಣಯಿಸುವುದು ಹೇಗೆ?

ದೂರವನ್ನು ದೂರುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿದರೆ ದೂರದ ಅಪರಾಧ ಸಣ್ಣದು. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರುವ 26 ಸಾವಿರ ಕಿಲೋಮೀಟರಿಗೆ 130 ಮಿಲಿಸೆಕೆಂಡು ಸಾಕು. ಕೇಬಲ್ಲುಗಳು ಸಮುದ್ರದಡಿಯಲ್ಲಿ ಸುತ್ತಿ ಬಳಸಿ ಬರುವುದರಿಂದ ವಾಸ್ತವದಲ್ಲಿ ಕಾಲು ಸೆಕೆಂಡಿನ ಸುಮಾರಿಗೆ ಬಂದು ನಿಲ್ಲುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಸಂಭಾಷಣೆಗೆ ಬಹುಮಟ್ಟಿಗೆ ಬಾಧೆಯಿಲ್ಲ, 400 ಮೀರಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಅಂದರೆ ಬಾಸ್ಟನ್ನಿನಿಂದ ಸಾಗರದವರೆಗಿನ ದಾರಿ ಮಾತಿಗೆ ಯೋಗ್ಯವಾಗಿಯೇ ಇದೆ. ದಾರಿಯ ಅಗಲವೂ ಸಮಸ್ಯೆಯಲ್ಲ. ನಮ್ಮ ಧ್ವನಿಯನ್ನು ಕರೆಯ ಆ್ಯಪ್‌ಗಳು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳ ಚೂರುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪುಟ್ಟ ಪ್ಯಾಕೆಟ್ಟುಗಳಾಗಿ ರವಾನಿಸುತ್ತವೆ. ಮಾತಿಗೆ ಬೇಕಾದದ್ದು ಸೆಕೆಂಡಿಗೆ ಕೆಲವು ಹತ್ತು ಕಿಲೋಬಿಟ್ಟುಗಳು ಮಾತ್ರ. ಅದಕ್ಕೆಂದು 100 ಮೆಗಾಬಿಟ್ಟಿನ ಪ್ಲಾನು ಕೊಳ್ಳುವುದು ಒಂದು ಸೈಕಲ್ಲಿಗಾಗಿ ಆರು ಪಥದ ಹೆದ್ದಾರಿ ಕಟ್ಟಿಸಿದಂತೆ.

ಹಾಗಾದರೆ ಮಾತು ಎಲ್ಲಿ ನಿಲ್ಲುತ್ತದೆ? ದಾರಿ ಅತಿ ಕಿರಿದಾಗುವ ಜಾಗದಲ್ಲಿ. ಬಹಳ ಸಲ ಅದು ಮನೆಯಿಂದ ಹೊರಹೋಗುವ ಹೊಸ್ತಿಲಲ್ಲೇ ಇರುತ್ತದೆ. ಒಳಗಿನ ವೈಫೈ ವೇಗವಾಗಿ ತಂದು ಸುರಿಯುತ್ತದೆ, ಹೊರಗಿನ ತಂತಿ ನಿಧಾನವಾಗಿ ಒಯ್ಯುತ್ತದೆ. ಮಿಕ್ಕ ಪ್ಯಾಕೆಟ್ಟುಗಳು ಪೆಟ್ಟಿಗೆಯ ಸ್ಮರಣಕೋಶದಲ್ಲಿ ಸಾಲಾಗಿ ನಿಲ್ಲುತ್ತವೆ. ಆ ಜಾಗಕ್ಕೆ ಬಫರ್ ಎಂದು ಹೆಸರು. ಒಂದು ಪ್ಯಾಕೆಟ್ಟನ್ನೂ ಕಳೆದುಕೊಳ್ಳಬಾರದೆಂಬ ಸದುದ್ದೇಶ ಒಂದು ಕಡೆ, ಸ್ಮರಣಕೋಶ ಅಗ್ಗವಾದದ್ದು ಇನ್ನೊಂದು ಕಡೆ. ತಯಾರಕರು ಬಫರನ್ನು ದೊಡ್ಡದು ಮಾಡುತ್ತಲೇ ಹೋದರು. ಹೊರಹೋಗುವ ವೇಗ ಸೆಕೆಂಡಿಗೆ 4 ಮೆಗಾಬಿಟ್ ಇದ್ದು, ಪೆಟ್ಟಿಗೆಯಲ್ಲಿ 1 ಮೆಗಾಬೈಟಿನ ಬಫರ್ ತುಂಬಿದ್ದರೆ, ಅದು ಖಾಲಿಯಾಗಲು ಸರಿಯಾಗಿ 2 ಸೆಕೆಂಡು ಬೇಕು. ಆಗ ಬಂದ ಅಮ್ಮನ ‘ಜೋರು’ ಎಂಬ ಶಬ್ದ, ಯಾರದೋ ಫೋಟೊಗಳ ಆರುನೂರಕ್ಕೂ ಮಿಕ್ಕ ಪ್ಯಾಕೆಟ್ಟುಗಳ ಹಿಂದೆ ಕೈಕಟ್ಟಿ ನಿಲ್ಲಬೇಕು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಂದರಲ್ಲಿ ತುರ್ತು ಚಿಕಿತ್ಸಾ ವಿಭಾಗದ ಎದುರಿನ ಕಾಯುವ ಕೋಣೆಯನ್ನು ದುಪ್ಪಟ್ಟು ದೊಡ್ಡದು ಮಾಡಿದರು. ಮೆತ್ತನೆಯ ಕುರ್ಚಿ, ಗೋಡೆಗೆ ಟಿವಿ, ಮಕ್ಕಳಿಗೆ ಆಟಿಕೆ. ಒಳಗೆ ವಾರ್ಡುಗಳಲ್ಲಿ ಹಾಸಿಗೆಯ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಪರಿಣಾಮವಾಗಿ, ಮೊದಲು ಬಾಗಿಲಲ್ಲೇ ಜನಸಂದಣಿ ಕಂಡು ಬೇರೆಡೆಗೆ ಹೋಗುತ್ತಿದ್ದವರೂ ಒಳಗೆ ಬಂದು ಕುಳಿತರು. ಕಾಯುವ ಅವಧಿ ಏರಿತು. ದೊಡ್ಡ ಬಫರ್ ಮಾಡುವ ಉಪಕಾರವೂ ಇಂಥದ್ದೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫೋಟೊ ಕಳಿಸುವ ಫೋನಿಗೆ ದಾರಿಯಲ್ಲಿ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಅಂತರ್ಜಾಲದ ಬಹುಪಾಲು ಸಾಗಣೆಯನ್ನು ನಡೆಸಿಕೊಂಡು ಬಂದ ಟಿಸಿಪಿ ಎಂಬ ನಿಯಮಾವಳಿ, ಸಾಂಪ್ರದಾಯಿಕವಾಗಿ, ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುತ್ತದೆ. ಒಂದು ಪ್ಯಾಕೆಟ್ಟು ಕಳೆದುಹೋದ ಸುದ್ದಿ ಬಂದಾಗ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ನಷ್ಟವೊಂದೇ ಅದಕ್ಕೆ ತಿಳಿಯುವ ಭಾಷೆ. ಬಫರ್ ಎಷ್ಟು ದೊಡ್ಡದೋ ಆ ಸುದ್ದಿ ಅಷ್ಟು ತಡ. ದೀರ್ಘಕಾಲದ ಮಧುಮೇಹಿಗಳ ಪಾದದಲ್ಲಿ ನರಗಳು ಜಡವಾಗಿ, ಮುಳ್ಳು ಚುಚ್ಚಿದರೂ ನೋವಾಗದೆ, ಹುಣ್ಣು ಎಲುಬಿನವರೆಗೆ ಇಳಿದ ಮೇಲೆ ವೈದ್ಯರ ಬಳಿ ಬರುವವರನ್ನು ನಾನು ವರ್ಷವೂ ನೋಡುತ್ತೇನೆ. ನೋವಿಲ್ಲದಿರುವುದು ಅವರಿಗೆ ವರವಾಗಿರಲಿಲ್ಲ.

ಅಂತರ್ಜಾಲಕ್ಕೆ ಈ ಪಾಠ ಮೊದಲು ತಟ್ಟಿದ್ದು 1986ರ ಅಕ್ಟೋಬರಿನಲ್ಲಿ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾನಿಲಯಕ್ಕೂ ನಡುವೆ ಇದ್ದದ್ದು ಕೇವಲ 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ಟು ಒಯ್ಯುತ್ತಿದ್ದ ಆ ಸಂಪರ್ಕ ದಟ್ಟಣೆಯಿಂದ 40 ಬಿಟ್ಟಿಗೆ ಕುಸಿಯಿತು. ಎಲ್ಲ ಕಂಪ್ಯೂಟರುಗಳೂ ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸುತ್ತ, ದಾರಿಯನ್ನು ಮತ್ತಷ್ಟು ಕಟ್ಟಿಹಾಕುತ್ತಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರಲ್ಸ್ ಇದರ ಬೆನ್ನುಹತ್ತಿ, ಕಳಿಸುವವನೇ ತನ್ನ ವೇಗವನ್ನು ತಗ್ಗಿಸಿಕೊಳ್ಳುವ ವಿಧಾನವನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು. ಅಂತರ್ಜಾಲ ಉಳಿದುಕೊಂಡಿತು.

ಅದೇ ವರ್ಷ, ಅದೇ ಸಿಗ್‌ಕಾಮ್ ಸಮ್ಮೇಳನದಲ್ಲಿ ಇನ್ನೊಂದು ಪ್ರಬಂಧವೂ ಮಂಡನೆಯಾಯಿತು. ನನಗೆ ಹೆಚ್ಚು ಪ್ರಿಯವಾದದ್ದು ಅದು. ಬರೆದವರು ಕೆ.ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್. ಇಬ್ಬರೂ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ ಅಮೆರಿಕಕ್ಕೆ ಬಂದವರು. ಆಗ ಕೆಲಸದಲ್ಲಿದ್ದದ್ದು ಇದೇ ಮ್ಯಾಸಚೂಸೆಟ್ಸ್‌ನ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ. ಆ ಕಂಪನಿ 1998ರಲ್ಲಿ ಕಾಂಪ್ಯಾಕ್‌ನಲ್ಲಿ ವಿಲೀನವಾಯಿತು. ಅದು ಹುಟ್ಟಿ ಬೆಳೆದ, ಮೇನಾರ್ಡ್ ಊರಿನ ಹಳೆಯ ಉಣ್ಣೆ ಗಿರಣಿಯ ಕಟ್ಟಡ ಮಾತ್ರ ಅಸಾಬೆಟ್ ನದಿಯ ಪಕ್ಕದಲ್ಲಿ ಇಂದಿಗೂ ನಿಂತಿದೆ. ಅದರ ಮುಂದೆ ಕಾರಿನಲ್ಲಿ ಹಾಯುವಾಗಲೆಲ್ಲ ನನಗೆ ಈ ಇಬ್ಬರ ನೆನಪಾಗುತ್ತದೆ.

ಅವರ ಸಲಹೆ ಒಂದೇ ಒಂದು ಬಿಟ್ಟಿನದು. ರೌಟರಿನಲ್ಲಿ ಸರದಿ ಬೆಳೆಯತೊಡಗಿದೊಡನೆ, ಪ್ಯಾಕೆಟ್ಟನ್ನು ಎಸೆಯುವ ಬದಲು ಅದರ ಹಣೆಗೊಂದು ಗುರುತು ಹಚ್ಚಿ ಮುಂದೆ ಬಿಡುವುದು. ತಲುಪಿದವನು ಆ ಗುರುತನ್ನು ತನ್ನ ರಸೀತಿಯಲ್ಲಿ ನಕಲು ಮಾಡಿ ಕಳಿಸಿದವನಿಗೆ ಹಿಂದಿರುಗಿಸುವುದು. ಕಳಿಸಿದವನು ತನಗೆ ಬಂದ ರಸೀತಿಗಳಲ್ಲಿ ಅರ್ಧಕ್ಕೆ ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಗುರುತಿದ್ದರೆ ಎಂಟನೆಯ ಒಂದು ಪಾಲು ತಗ್ಗುವುದು. ಇಲ್ಲವಾದರೆ ಒಂದು ಹೆಜ್ಜೆ ಏರುವುದು. ಯಾರ ಸಾಮಾನೂ ಕಳೆಯುವುದಿಲ್ಲ, ಯಾರಿಗೂ ಪೆಟ್ಟು ಬೀಳುವುದಿಲ್ಲ. ಜಡವಾದ ಪಾದಕ್ಕೆ ನೋವಿನ ನರವನ್ನು ಮರಳಿ ಜೋಡಿಸಿದಂತೆ ಈ ಕೆಲಸ.

ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ 1993ರಲ್ಲಿ ಇದಕ್ಕೆ ಸಂಭವನೀಯತೆಯ ಗಣಿತವನ್ನು ಬೆಸೆದರು: ಸರಾಸರಿ ಸರದಿ ಉದ್ದವಾದಂತೆ, ಯಾದೃಚ್ಛಿಕವಾಗಿ ಆರಿಸಿದ ಪ್ಯಾಕೆಟ್ಟುಗಳಿಗೆ ಹೆಚ್ಚು ಹೆಚ್ಚಾಗಿ ಗುರುತು ಹಚ್ಚುವುದು ಅಥವಾ ಅವನ್ನು ಬಿಸುಡುವುದು. ಹೆಚ್ಚು ತುರುಕುವವನಿಗೇ ಹೆಚ್ಚು ಗುರುತು ಸಿಗುತ್ತದೆ. ನ್ಯಾಯ ತಾನಾಗಿಯೇ ಒದಗುತ್ತದೆ. 2001ರಲ್ಲಿ ರಾಮಕೃಷ್ಣನ್, ಫ್ಲಾಯ್ಡ್ ಮತ್ತು ಡೇವಿಡ್ ಬ್ಲ್ಯಾಕ್ ಬರೆದ ದಾಖಲೆಯಿಂದ ಈ ಗುರುತು ಅಂತರ್ಜಾಲದ ಅಧಿಕೃತ ವ್ಯಾಕರಣವನ್ನು ಸೇರಿತು. ಪ್ರತಿ ಪ್ಯಾಕೆಟ್ಟಿನ ಶಿರೋಭಾಗದಲ್ಲಿ ಇದಕ್ಕಾಗಿ ಎರಡು ಬಿಟ್ಟುಗಳು. ಎರಡೂ ಸೊನ್ನೆಯಾಗಿದ್ದರೆ ‘ನನಗೆ ಈ ಭಾಷೆ ಬಾರದು’ ಎಂದರ್ಥ. ಯಾವುದಾದರೊಂದು ಒಂದಾಗಿದ್ದರೆ ‘ಬರುತ್ತದೆ’. ಎರಡೂ ಒಂದಾಗಿ ಬಂದರೆ ‘ದಾರಿಯಲ್ಲಿ ದಟ್ಟಣೆ ಕಂಡೆ’. ಇಷ್ಟು ಸರಳವಾದದ್ದು ಎಲ್ಲೆಡೆ ಬಳಕೆಗೆ ಬರಲು ದಶಕಕ್ಕೂ ಹೆಚ್ಚು ಹಿಡಿಯಿತು. ಕೆಲವು ಹಳೆಯ ಫೈರ್‌ವಾಲ್‌ಗಳು ಈ ಗುರುತನ್ನು ಕಂಡೊಡನೆ ಬೆದರಿ ಪ್ಯಾಕೆಟ್ಟನ್ನೇ ಎಸೆಯುತ್ತಿದ್ದವು. ಒಳ್ಳೆಯ ಔಷಧವೊಂದು ಪ್ರಬಂಧದಿಂದ ರೋಗಿಯ ಬಾಯಿಗೆ ಬರುವಷ್ಟರಲ್ಲಿ ಆಗುವ ವಿಳಂಬವನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಪ್ಯಾಕೆಟ್ಟಿನ ಮೇಲೆ ಇನ್ನೊಂದು ಗುರುತೂ ಉಂಟು, ಅದನ್ನು ಇದರೊಡನೆ ಬೆರೆಸಬಾರದು. ಪಕ್ಕದ ಆರು ಬಿಟ್ಟುಗಳು ಆದ್ಯತೆಯನ್ನು ಸೂಚಿಸುತ್ತವೆ. ಧ್ವನಿಯ ಪ್ಯಾಕೆಟ್ಟುಗಳಿಗೆ ರೂಢಿಯಲ್ಲಿ 46 ಎಂಬ ಸಂಖ್ಯೆ. ‘ನಾನು ತುರ್ತಿನವನು, ಮುಂದೆ ಬಿಡಿ’ ಎಂಬ ಅರಿಕೆ ಅದು. ಇಲ್ಲಿಯ ತುರ್ತು ವಿಭಾಗಗಳಲ್ಲಿ ಬಂದವರನ್ನು 1ರಿಂದ 5ರವರೆಗಿನ ಶ್ರೇಣಿಗಳಲ್ಲಿ ವಿಂಗಡಿಸುವ ಪದ್ಧತಿಯಿದೆ; ಆದರೆ ಆ ಅಂಕೆಯನ್ನು ಕೊಡುವವಳು ದಾದಿ, ರೋಗಿ ತಾನೇ ಬರೆದುಕೊಳ್ಳುವಂತಿಲ್ಲ. ಬರೆದುಕೊಳ್ಳಬಹುದಾಗಿದ್ದರೆ ನೆಗಡಿಯವರೂ 1 ಎಂದೇ ಬರೆದುಕೊಳ್ಳುತ್ತಿದ್ದರು. ಅಂತರ್ಜಾಲದಲ್ಲಿ ಈ ಆದ್ಯತೆಯ ಅಂಕೆಯನ್ನು ಕಳಿಸುವವನೇ ಬರೆದುಕೊಳ್ಳಬಹುದಾದ್ದರಿಂದ, ಸೇವಾದಾರರು ಹಲವು ಸಲ ತಮ್ಮ ಗಡಿಯಲ್ಲಿ ಅದನ್ನು ಅಳಿಸಿಬಿಡುತ್ತಾರೆ. ಮನೆಯೊಳಗೆ ಅದಕ್ಕೆ ಬೆಲೆಯಿರಬಹುದು, ಸಾಗರದಾಚೆ ಅದನ್ನು ನಂಬುವಂತಿಲ್ಲ. ದಟ್ಟಣೆಯ ಗುರುತು ಯಾರಿಗೂ ಮೇಲ್ದರ್ಜೆಯನ್ನು ಕೊಡುವುದಿಲ್ಲ, ತಗ್ಗಲು ಮಾತ್ರ ಹೇಳುತ್ತದೆ; ಆದಕಾರಣ ಅದನ್ನು ಸುಳ್ಳಾಗಿ ಹಚ್ಚಿಕೊಳ್ಳುವ ಆಸೆ ಯಾರಿಗೂ ಹುಟ್ಟುವುದಿಲ್ಲ.

ಇಷ್ಟೆಲ್ಲ ಇದ್ದೂ ಮನೆಮನೆಯ ಪೆಟ್ಟಿಗೆಗಳಲ್ಲಿ ಬಫರುಗಳು ಉಬ್ಬುತ್ತಲೇ ಇದ್ದವು. ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ರವಾನಿಸುವಾಗ ವಿಳಂಬ ಒಂದು ಸೆಕೆಂಡನ್ನೂ ದಾಟುವುದನ್ನು ಕಂಡು, ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ನಾಮಕರಣ ಮಾಡಿದರು. ನಾವು ಬಫರಿನ ಬಾವು ಎನ್ನಬಹುದು. ಎರಡು ವರ್ಷದ ಮೇಲೆ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಕೋಡೆಲ್ ಎಂಬ ಮದ್ದನ್ನು ಪ್ರಕಟಿಸಿದರು. ಅದರ ಜಾಣತನ ಅಳೆಯುವ ರೀತಿಯಲ್ಲಿದೆ. ಸರದಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಅದು ಎಣಿಸುವುದೇ ಇಲ್ಲ. ಪ್ರತಿಯೊಬ್ಬರೂ ಎಷ್ಟು ಹೊತ್ತು ಕಾದರು ಎಂದು ನೋಡುತ್ತದೆ. 100 ಮಿಲಿಸೆಕೆಂಡುಗಳ ಅವಧಿಯಲ್ಲಿ ಅತಿ ಕಡಿಮೆ ಕಾದವರೂ 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾದಿದ್ದರೆ, ಸರದಿ ಜಡ್ಡುಗಟ್ಟಿದೆ ಎಂದು ತಿಳಿದು ಗುರುತು ಹಚ್ಚಲು ಅಥವಾ ಬಿಸುಡಲು ತೊಡಗುತ್ತದೆ. ಒಮ್ಮೆಲೇ ಬಸ್ಸಿನಿಂದ ಇಳಿದಂತೆ ಬಂದು ಕ್ಷಣದಲ್ಲಿ ಕರಗುವ ಗುಂಪಿಗೆ ಅದರ ಆಕ್ಷೇಪವಿಲ್ಲ. ಇದರ ಮುಂದಿನ ರೂಪವಾದ ಎಫ್‌ಕ್ಯೂ-ಕೋಡೆಲ್, ಒಂದೊಂದು ಹರಿವಿಗೂ ಬೇರೆ ಬೇರೆ ಸಾಲು ಮಾಡಿ, ಪ್ರತಿ ಸಾಲಿನಿಂದಲೂ ಸರದಿಯಂತೆ ತೆಗೆದುಕೊಳ್ಳುತ್ತದೆ. ಧ್ವನಿಯ ಪುಟ್ಟ ಪ್ಯಾಕೆಟ್ಟು ಇನ್ನು ಮದುವೆಯ ಆಲ್ಬಮ್ಮಿನ ಹಿಂದೆ ನಿಲ್ಲಬೇಕಿಲ್ಲ. ಇದನ್ನೂ, ಇದರ ತಮ್ಮನಾದ ಕೇಕ್ ಎಂಬುದನ್ನೂ ಮನೆಮನೆಗೆ ಮುಟ್ಟಿಸಲು ವರ್ಷಾನುಗಟ್ಟಲೆ ಶ್ರಮಿಸಿದ ಡೇವ್ ಟಾಟ್ 2025ರಲ್ಲಿ ತೀರಿಕೊಂಡರು.

ಇನ್ನು ಸಾಗರದ ಮನೆಯ ವಿಷಯ. ತಮ್ಮ ಅಷ್ಟರಲ್ಲಿ ಹೆಚ್ಚಿನ ಪ್ಲಾನು ಹಾಕಿಸಿದ್ದ. ಒಳಬರುವ ವೇಗ ದುಪ್ಪಟ್ಟಾಗಿತ್ತು, ಮಾತು ತುಂಡಾಗುವುದು ನಿಂತಿರಲಿಲ್ಲ. ಯಾವ ಕಾಯಿಲೆಗಾದರೂ ಮೊದಲು ಕೇಳಬೇಕಾದದ್ದು ಅದರ ಚರಿತ್ರೆ: ಯಾವಾಗ ಆರಂಭ, ಯಾವಾಗ ಉಲ್ಬಣ? ಭಾನುವಾರ ಬೆಳಗಿನ ಕರೆಗಳು ಸ್ವಚ್ಛ, ವಾರದ ದಿನಗಳ ಸಂಜೆಯವು ಚೂರುಚೂರು. ಸಂಜೆ ಆರಕ್ಕೆ ಮನೆಯಲ್ಲಿ ಏನಾಗುತ್ತದೆ ಎಂದು ವಿಚಾರಿಸಿದಾಗ ಗೊತ್ತಾಯಿತು: ಕ್ಯಾಮೆರಾ ಹುಚ್ಚಿನ ತಮ್ಮನ ಮಗ ಕೆಲಸದಿಂದ ಬಂದು ಜಗಲಿ ಹತ್ತುತ್ತಲೇ ಅವನ ಫೋನು ವೈಫೈಗೆ ಸೇರಿಕೊಂಡು, ದಿನದ ಫೋಟೊ ವಿಡಿಯೊಗಳನ್ನೆಲ್ಲ ಮೋಡಕ್ಕೆ ಏರಿಸಲು ಆರಂಭಿಸುತ್ತದೆ. ಆ ಹಳ್ಳಿಗೆ ಸಂಪರ್ಕ ಬರುವುದು ಗುಡ್ಡದ ಮೇಲಿನ ಕಂಬದಿಂದ, ರೇಡಿಯೊ ಮೂಲಕ. ಹೊರಹೋಗುವ ವೇಗ ಸೆಕೆಂಡಿಗೆ 4 ಮೆಗಾಬಿಟ್ ಮಾತ್ರ. ಪ್ಲಾನು ಬದಲಾಯಿಸಿದಾಗಲೂ ಆ ಅಂಕೆ ಕದಲಿರಲಿಲ್ಲ. ಹುಡುಗನಿಗೆ ಪಿಂಗ್ ಪರೀಕ್ಷೆ ಮಾಡಲು ಹೇಳಿದೆ. ಯಾರೂ ಬಳಸದಿರುವಾಗ 40 ಮಿಲಿಸೆಕೆಂಡು. ಫೋಟೊಗಳು ಏರುತ್ತಿರುವಾಗ 1800.

ಅವನೇ ಒಂದು ಭಾನುವಾರ, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವಿರುವ ಸಾಧಾರಣ ರೌಟರೊಂದನ್ನು ತಂದು, ಅದರಲ್ಲಿ ಸರದಿಯ ನಿರ್ವಹಣೆಯನ್ನು ಜಾರಿಗೊಳಿಸಿದ. ಹೊರಹೋಗುವ ಮಿತಿಯನ್ನು 4ರ ಬದಲು 3.4 ಮೆಗಾಬಿಟ್ ಎಂದು ನಿಗದಿಪಡಿಸಿದೆವು. ಇರುವ ವೇಗವನ್ನೇ ಕಡಿಮೆ ಮಾಡುವುದೇ ಎಂದು ತಮ್ಮನಿಗೆ ಅಸಮಾಧಾನ. ಕಾರಣವಿಷ್ಟೆ: ಕಂಬದ ಕಡೆಯ ಪೆಟ್ಟಿಗೆ ನಮ್ಮ ಮಾತು ಕೇಳುವುದಿಲ್ಲ, ಅದರ ಬಫರ್ ದೊಡ್ಡದು. ನಾವು ಅದಕ್ಕಿಂತ ತುಸು ನಿಧಾನವಾಗಿ ಬಿಟ್ಟರೆ ಸರದಿ ಅಲ್ಲಿ ಕಟ್ಟುವುದೇ ಇಲ್ಲ. ಕಟ್ಟಿದರೆ ನಮ್ಮ ಹೊಸ ರೌಟರಿನಲ್ಲಿ ಕಟ್ಟುತ್ತದೆ, ಅಲ್ಲಿ ಕಾವಲು ನಮ್ಮದು. ಮತ್ತೆ ಪರೀಕ್ಷಿಸಿದಾಗ, ಫೋಟೊಗಳು ಏರುತ್ತಿದ್ದಾಗಲೂ ಪಿಂಗ್ 65 ದಾಟಲಿಲ್ಲ. ಫೋಟೊಗಳು ಏರಿ ಮುಗಿಯಲು ಹಿಡಿಯುವ ಸಮಯ ಸ್ವಲ್ಪ ಹೆಚ್ಚಿತು. ಅದು ಯಾರ ಗಮನಕ್ಕೂ ಬರಲಿಲ್ಲ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಅಮ್ಮ ಗೋಪೂಜೆಯ ದಿನ ಹಸು ಹಗ್ಗ ಹರಿದುಕೊಂಡು ತೋಟಕ್ಕೆ ನುಗ್ಗಿದ ಕಥೆಯನ್ನು ಮೂರನೆಯ ಸಲ ಹೇಳುತ್ತಿದ್ದರು. ಚಿತ್ರ ಕದಲದೆ ನಿಂತಿತ್ತು, ಹಿನ್ನೆಲೆಯಲ್ಲಿ ಗಡಿಯಾರದ ಟಿಕ್‌ಟಿಕ್ ಕೂಡ ತಪ್ಪದೆ ಕೇಳುತ್ತಿತ್ತು. ಹಾಗಿದ್ದೂ ಅಮ್ಮನ ವಾಕ್ಯ ಎರಡು ಕಡೆ ನಿಂತಿತು. ಈ ಸಲ ಸಂಶಯಕ್ಕೆ ಎಡೆಯಿರಲಿಲ್ಲ. ತೂಕ ನೋಡಲು ಹೇಳಿದೆ: ಮೂರು ದಿನದಲ್ಲಿ 2 ಕಿಲೋ ಏರಿತ್ತು. ಪಾದದ ಗಂಟಿನ ಮೇಲೆ ಬೆರಳೊತ್ತಿದರೆ ಗುಳಿ ಉಳಿಯುತ್ತಿತ್ತು. ರಾತ್ರಿ ದಿಂಬು ಎರಡಾಗಿದ್ದವು. ತಮ್ಮ ಅಂದೇ ಸಾಗರಕ್ಕೆ ಕರೆದೊಯ್ದ. ಅಲ್ಲಿಯ ವೈದ್ಯರು ಮೂತ್ರವರ್ಧಕದ ಪ್ರಮಾಣವನ್ನು ಹೆಚ್ಚಿಸಿದರು. ಆಸ್ಪತ್ರೆಗೆ ಸೇರಿಸುವ ಅಗತ್ಯ ಬೀಳಲಿಲ್ಲ. ವಾರದೊಳಗೆ ಹಸುವಿನ ಕಥೆ ಒಂದೇ ಉಸಿರಿಗೆ ತೋಟದ ಬೇಲಿ ಮುಟ್ಟುತ್ತಿತ್ತು.

ಊರಲ್ಲಿರುವ ಬಂಧುಗಳಿಗೂ ಇತ್ತ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೂ ಇದರಿಂದ ಒದಗುವ ಕೆಲಸ ದೊಡ್ಡದೇನಲ್ಲ. ಇಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ಎಲ್ಲರೂ ಒಳಬರುವ ವೇಗವನ್ನೇ ವಿಚಾರಿಸುತ್ತಾರೆ. ನೀವು ಹೊರಹೋಗುವ ವೇಗವನ್ನು ಕೇಳಿ. ಅಮೆರಿಕದ ಕೇಬಲ್ ಸಂಪರ್ಕಗಳಲ್ಲಿ ಅದು ಸಾಮಾನ್ಯವಾಗಿ ಬಹಳ ಕಡಿಮೆ. ಸೇವಾದಾರರು ತಿಂಗಳ ಬಾಡಿಗೆಗೆ ಕೊಡುವ ಪೆಟ್ಟಿಗೆಗಳಲ್ಲಿ ಸರದಿಯನ್ನು ನಿಮ್ಮ ಇಚ್ಛೆಯಂತೆ ಹೊಂದಿಸಲು ಅವಕಾಶವಿರುವುದು ಅಪರೂಪ. ಆದ್ದರಿಂದ ಸ್ವಂತ ರೌಟರೊಂದನ್ನು ಕೊಳ್ಳುವಾಗ ಅದರಲ್ಲಿ ಎಸ್‌ಕ್ಯೂಎಂ ಎಂಬ ಸೌಲಭ್ಯ ಇದೆಯೇ ಎಂದು ನೋಡಿ. ಅಳೆದು ಸಿಕ್ಕ ವೇಗದ ನೂರಕ್ಕೆ 85ರಿಂದ 95ರಷ್ಟನ್ನು ಮಿತಿಯಾಗಿ ಇಡುವುದು ವಾಡಿಕೆ. ಊರಿನ ಮನೆಯಲ್ಲಿ ಪರೀಕ್ಷೆ ಇನ್ನೂ ಸುಲಭ: ಒಬ್ಬರು ದೊಡ್ಡ ವಿಡಿಯೊ ಒಂದನ್ನು ಮೇಲಕ್ಕೇರಿಸುತ್ತಿರಲಿ, ಇನ್ನೊಬ್ಬರು ಪಿಂಗ್ ನೋಡುತ್ತಿರಲಿ. ಅಂಕೆ ಕೆಲವೇ ಹತ್ತುಗಳಷ್ಟು ಏರಿದರೆ ಚಿಂತೆಯಿಲ್ಲ, ನೂರುಗಳಿಗೆ ಹಾರಿದರೆ ಬಾವು ಇದೆ ಎಂದು ತಿಳಿಯಿರಿ. ದಪ್ಪ ಮಣ್ಣಿನ ಗೋಡೆಯ ಆಚೆಗೆ ವೈಫೈ ತಲುಪದಿರುವುದು ಬೇರೆ ಕಾಯಿಲೆ. ಅದಕ್ಕೆ ಸರದಿಯ ಮದ್ದು ನಾಟುವುದಿಲ್ಲ, ತಂತಿ ಎಳೆಯಬೇಕು.

ಸೇವಾದಾರರ ಮಟ್ಟದಲ್ಲೂ ಗಾಳಿ ತಿರುಗುತ್ತಿದೆ. ರಾಮಕೃಷ್ಣನ್ ಮತ್ತು ಜೈನರ ಗುರುತನ್ನೇ ಇನ್ನಷ್ಟು ಚುರುಕಾಗಿ, ಸರದಿ ಒಂದೆರಡು ಮಿಲಿಸೆಕೆಂಡು ಬೆಳೆಯುವಷ್ಟರಲ್ಲೇ ಹಚ್ಚುವ ಎಲ್4ಎಸ್ ಎಂಬ ವಿಧಾನದ ದಾಖಲೆಗಳು 2023ರ ಜನವರಿಯಲ್ಲಿ ಹೊರಬಂದವು. 2025ರ ಆರಂಭದಿಂದ ಇಲ್ಲಿಯ ಕಾಮ್‌ಕಾಸ್ಟ್ ಕೆಲವು ನಗರಗಳಲ್ಲಿ ಅದನ್ನು ಬಳಕೆಗೆ ತರತೊಡಗಿತು. ಅದು ಮಲೆನಾಡಿನ ಗುಡ್ಡದ ಕಂಬವನ್ನು ಮುಟ್ಟುವವರೆಗೆ ಕಾಯಬೇಕಿಲ್ಲ. ಮೊಬೈಲ್ ಡೇಟಾದಿಂದಲೇ ಕರೆ ಮಾಡುವವರಿಗೆ ಟವರಿನೊಳಗಿನ ಸರದಿ ಕೈಗೆ ಸಿಗುವುದಿಲ್ಲವಾದರೂ, ತಮ್ಮ ಫೋನು ಹೊರಗೆ ಸುರಿಯುವುದನ್ನಾದರೂ ತಡೆಯಬಹುದು: ಫೋಟೊಗಳ ಬ್ಯಾಕಪ್ಪನ್ನು ಸಂಜೆ ನಿಲ್ಲಿಸಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ಚಾಲೂ ಮಾಡಿ.